ಕೆಂಪು ಗುಂಡಿಯನ್ನು ಯಾರೂ ಒತ್ತಲಿಲ್ಲ

ಗಲ್ಫಿನಿಂದ ಬಂದ ವಿಸಿಆರ್‌ಗಳಿಗೆ ಬೋವಿಕಾನದ ಸುತ್ತಮುತ್ತ ಕೆಲಸಕ್ಕೇನೂ ಬರ ಇರಲಿಲ್ಲ. ಮದುವೆಯ ಕ್ಯಾಸೆಟ್ಟು ಹಾಕಬೇಕು. ಬಾಡಿಗೆಗೆ ತಂದ ಸಿನಿಮಾವನ್ನು ಮರುದಿನ ವಾಪಸು ಕೊಡುವ ಮೊದಲು ನೆರೆಕರೆಯವರಿಗೆಲ್ಲ ತೋರಿಸಬೇಕು. ಮೇಳದ ಆಟವನ್ನೋ ತಾಳಮದ್ದಳೆಯನ್ನೋ ಯಾರಾದರೂ ಕ್ಯಾಮರಾದಲ್ಲಿ ಹಿಡಿದದ್ದಿದ್ದರೆ ಅದನ್ನು ಮತ್ತೆ ಮತ್ತೆ ನೋಡಬೇಕು. ಆದರೆ ಆ ಯಂತ್ರ ಯಾವ ಕೆಲಸಕ್ಕೆಂದು ಹುಟ್ಟಿತೋ ಅದನ್ನು ಮಾತ್ರ ಹೆಚ್ಚಿನ ಮನೆಗಳಲ್ಲಿ ಯಾರೂ ಅದರಿಂದ ಮಾಡಿಸಲಿಲ್ಲ. ಟಿ.ವಿ.ಯಲ್ಲಿ ಬರುತ್ತಿದ್ದುದನ್ನು ಟೇಪಿಗೆ ಇಳಿಸಿಕೊಳ್ಳುವ ಕೆಂಪು ಗುಂಡಿ ಹೊಸದರಂತೆಯೇ ಹೊಳೆಯುತ್ತ ಉಳಿಯಿತು.

ಇದಕ್ಕೆ ಕಾರಣ ಹುಡುಕಬೇಕಾದರೆ ಮೊದಲು ಗುಡ್ಡೆ ಹತ್ತಬೇಕು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿರುವ ಬೋವಿಕಾನ ಕಾಸರಗೋಡು ಜಿಲ್ಲೆಯ ಮುಳಿಯಾರು ಪಂಚಾಯತಿನ ಪೇಟೆ. ಕನ್ನಡ, ತುಳು, ಮಲಯಾಳ, ಮರಾಠಿ, ಹವ್ಯಕ ಮಾತು, ಎಲ್ಲವೂ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಜಾಗ. ಮೇಲೆ ಮುರಕಲ್ಲಿನ ಬೋಳುಗುಡ್ಡೆ, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಬದಿಯಲ್ಲಿ ಮನೆ. ನೀರಿಗೆ ಹತ್ತಿರವಿರಲಿ ಎಂದು ಹಿರಿಯರು ಆರಿಸಿಕೊಂಡ ಈ ತಗ್ಗು ಟಿ.ವಿ.ಯ ಅಲೆಗಳಿಗೆ ಮಾತ್ರ ಹೇಳಿಸಿದ ಜಾಗವಲ್ಲ. ಆ ಕಾಲದ ಪ್ರಸಾರ ವಿಎಚ್‌ಎಫ್ ಅಲೆಗಳಲ್ಲಿ ಬರುತ್ತಿತ್ತು. ಇವು ಹೆಚ್ಚುಕಡಿಮೆ ನೇರ ಹೋಗುವಂಥವು. ಪ್ರೇಷಕದ ಗೋಪುರಕ್ಕೂ ನಿಮ್ಮ ಆಂಟೆನಾಕ್ಕೂ ನಡುವೆ ಗುಡ್ಡೆ ಅಡ್ಡ ಬಂದರೆ ಪರದೆಯ ಮೇಲೆ ಬರೀ ಚುಕ್ಕಿ, ಕಿವಿಗೆ ಬರೀ ಮೊರೆತ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅದೇ 1984ರಲ್ಲಿ ದೂರದರ್ಶನ ಕೆಲವು ತಿಂಗಳ ಕಾಲ ದಿನಕ್ಕೊಂದು ಪ್ರೇಷಕ ಎಂಬ ವೇಗದಲ್ಲಿ ದೇಶದ ಉದ್ದಗಲಕ್ಕೆ ಹಬ್ಬಿತು. ಹಾಗೆ ನೆಟ್ಟ ಸಣ್ಣ ಪ್ರೇಷಕಗಳ ಮುಖ್ಯ ಕೆಲಸ, ಇನ್ಸಾಟ್-1ಬಿ ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮ ಹಿಡಿದು ಊರಿಗೆ ಹಂಚುವುದು. ಬೆಂಗಳೂರು ದೂರದರ್ಶನ 1981ರಲ್ಲೇ ಶುರುವಾಗಿತ್ತು, ತಿರುವನಂತಪುರದಿಂದ ಮಲಯಾಳ ಕಾರ್ಯಕ್ರಮಗಳು 1985ರಲ್ಲಿ ಆರಂಭವಾದವು. ಎರಡೂ ಊರು ಇಲ್ಲಿಂದ ಬಹಳ ದೂರ. ಹೀಗಾಗಿ ತೋಟದ ಮನೆಯ ಕನ್ನಡಿಗರಿಗೆ ಸಿಕ್ಕಿದ ಮೊದಲ ಟಿ.ವಿ. ಹಿಂದಿಯದ್ದು. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿಯಲ್ಲಿ ಕನ್ನಡದ ಪಾಳಿ ಬಂತೆಂದರೆ ಅಂದು ಊಟ ಬೇಗ.

ಈ ಪ್ರಸಾರವನ್ನು ಹಿಡಿಯಲು ಪಟ್ಟ ಪಾಡೇ ಒಂದು ಪುರಾಣವಾದೀತು. ಅಲ್ಯೂಮಿನಿಯಂ ಕೋಲುಗಳ ಆಂಟೆನಾ ಜಪಾನಿನ ಯಾಗಿ ಮತ್ತು ಉಡಾ ಎಂಬ ಇಬ್ಬರು 1926ರಲ್ಲಿ ರೂಪಿಸಿದ್ದು. ಅದರ ಕೋಲುಗಳು ಬೇಕಾಬಿಟ್ಟಿ ಉದ್ದದವಲ್ಲ. ಅಲೆಯ ಉದ್ದ ಸುಮಾರು ಒಂದೂವರೆ ಮೀಟರ್ ಆದರೆ ಮುಖ್ಯ ಕೋಲು ಅದರ ಅರ್ಧ, ಮುಕ್ಕಾಲು ಮೀಟರಿನ ಆಸುಪಾಸು. ಹಿಂದಿನದು ತುಸು ಉದ್ದ, ಮುಂದಿನವು ತುಸು ಗಿಡ್ಡ. ಮನೆಯ ಮಾಡಿನ ಮೇಲೆ ಕಟ್ಟಿ ಪ್ರಯೋಜನವಿಲ್ಲವೆಂದು ಕಂಡಾಗ ಅದನ್ನು ಗುಡ್ಡೆಯ ನೆತ್ತಿಗೆ ಒಯ್ದು ಬಿದಿರಿಗೆ ಕಟ್ಟಿದರು. ಅಲ್ಲಿಂದ ಚಪ್ಪಟೆ ತಂತಿಯನ್ನು ಕಂಗಿನಿಂದ ಕಂಗಿಗೆ ಎಳೆದು ಮನೆಗೆ ಇಳಿಸಿದರು, ನಡುವೆ ಬೂಸ್ಟರ್ ಹಾಕಿದರು. ಒಬ್ಬ ಗುಡ್ಡೆಯಲ್ಲಿ ಕೋಲು ತಿರುಗಿಸುವುದು, ನಡುದಾರಿಯಲ್ಲಿ ಇನ್ನೊಬ್ಬ ನಿಂತು "ಬಂತಾ?" ಎಂದು ಕೂಗುವುದು, ಮನೆಯೊಳಗಿನಿಂದ "ಬಂತು, ಬಂತು... ಹೋಯ್ತು" ಎಂಬ ಉತ್ತರ ಬರುವುದು. ಕೋಲಿನ ಮೇಲೆ ಕಾಗೆ ಕೂತರೂ ಚಿತ್ರ ಅಲುಗಾಡುತ್ತಿತ್ತು. ಇಷ್ಟು ಕಷ್ಟಪಟ್ಟು ಬರಿಸಿದ್ದನ್ನು ಆಮೇಲೆ ನೋಡೋಣ ಎಂದು ಯಾರು ಎತ್ತಿಡುತ್ತಾರೆ? ಬಂದಾಗಲೇ ಕೂತು ನೋಡುವುದು.

ಯುರೋಪು, ಅಮೆರಿಕಗಳಲ್ಲಿ ರೆಕಾರ್ಡರ್ ಹುಟ್ಟಿದ ಸಂದರ್ಭವೇ ಬೇರೆ. ಫಿಲಿಪ್ಸ್ ಕಂಪನಿ 1972ರಲ್ಲಿ ತಂದ ಎನ್-1500 ಯಂತ್ರದೊಳಗೆ ಟ್ಯೂನರೂ ಗಡಿಯಾರವೂ ಇದ್ದವು. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿಯ ವಿಎಚ್‌ಎಸ್ ಬಂದವು. ಅಲ್ಲಿನ ಮನೆಗಳಲ್ಲಿ ಹಲವು ಚಾನೆಲ್‌ಗಳು, ಒಂದೇ ಗಂಟೆಗೆ ಎರಡು ಒಳ್ಳೆಯ ಕಾರ್ಯಕ್ರಮ, ಕಚೇರಿಯಿಂದ ತಡವಾಗಿ ಬರುವ ಜನ. ಒಂದನ್ನು ನೋಡುವುದು, ಇನ್ನೊಂದನ್ನು ಹಿಡಿದಿಟ್ಟು ಪುರುಸೊತ್ತಿನಲ್ಲಿ ನೋಡುವುದು: ಯಂತ್ರವನ್ನು ಮಾರಿದ್ದೇ ಈ ಮಾತು ಹೇಳಿ. ಇದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಕೋರ್ಟಿಗೆ ಹೋಯಿತು. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಐವರು ನ್ಯಾಯಮೂರ್ತಿಗಳು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ಮನೆಯಲ್ಲಿ ಹೀಗೆ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು ತೀರ್ಪಿತ್ತಿತು.

ನಮ್ಮಲ್ಲಿಗೆ ಅದೇ ಯಂತ್ರ ಬಂದದ್ದು ಕಂಬಳಿ, ಅತ್ತರು, ಟೂ-ಇನ್-ಒನ್‌ಗಳ ಜೊತೆ ಗಲ್ಫಿನ ಪೆಟ್ಟಿಗೆಯಲ್ಲಿ. ಕಾಸರಗೋಡಿಗೆ ಇಲ್ಲೊಂದು ಅದೃಷ್ಟವಿತ್ತು. ಬಣ್ಣದ ಪ್ರಸಾರಕ್ಕೆ 1982ರಲ್ಲಿ ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು. ದುಬೈ, ಮಸ್ಕತ್, ಕುವೈತ್, ಬಹರೈನ್‌ಗಳಲ್ಲೂ ಅದೇ ಇತ್ತು. ಅಮೆರಿಕದಲ್ಲಿದ್ದ ನೆಂಟರು ತಂದ ವಿಸಿಆರ್ ಇಲ್ಲಿ ಕಪ್ಪುಬಿಳುಪಾಗಿ ನಡುಗುತ್ತಿದ್ದರೆ, ದುಬೈಯಿಂದ ತಂದದ್ದು ಹಾಕಿದ ಕೂಡಲೇ ಓಡುತ್ತಿತ್ತು. ಸೌದಿಯಲ್ಲಿ ಸೀಕಾಂ ಪದ್ಧತಿ ಇದ್ದದ್ದರಿಂದ ಆ ಕಡೆಯ ಮಾರುಕಟ್ಟೆಯ ಯಂತ್ರಗಳ ಮುಖದ ಮೇಲೆ "ಮಲ್ಟಿ ಸಿಸ್ಟಂ" ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಮಾರುವಾಗ ಆ ಎರಡು ಪದಗಳಿಗೇ ಬೆಲೆ.

ಯಂತ್ರ ಬಂತು, ರೆಕಾರ್ಡ್ ಮಾಡಲು ಅಡ್ಡಿಯಾದದ್ದೇನು? ಒಂದೇ ಚಾನೆಲ್ ಇದ್ದದ್ದು ಒಂದು ಕಾರಣ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಕರೆಂಟು. ಟೈಮರ್ ರೆಕಾರ್ಡಿಂಗ್ ನಿಂತಿರುವುದು ಯಂತ್ರದ ಗಡಿಯಾರದ ಮೇಲೆ. ಕರೆಂಟು ಹೋಗಿ ಬಂದರೆ ಅಂದಿನ ಹೆಚ್ಚಿನ ವಿಸಿಆರ್‌ಗಳ ಗಡಿಯಾರ ಸೊನ್ನೆಗೆ ಬಂದು ಮಿಣುಕುತ್ತ ಕೂರುತ್ತಿತ್ತು, ಇಟ್ಟ ಟೈಮರೂ ಅಳಿಸಿಹೋಗುತ್ತಿತ್ತು. ಕೇರಳದಲ್ಲಿ ಸಂಜೆಯ ಅರ್ಧ ಗಂಟೆ ಲೋಡ್ ಶೆಡ್ಡಿಂಗ್ ವರ್ಷಗಟ್ಟಲೆ ನಡೆದ ಸಂಗತಿ. ಮಳೆಗಾಲದಲ್ಲಿ ಲೈನಿನ ಮೇಲೆ ಅಡಿಕೆ ಮರ ಬಿದ್ದರೆ ಅರ್ಧ ಗಂಟೆಯ ಮಾತೇ ಇಲ್ಲ. ಅಷ್ಟರ ಮೇಲೆ ವೋಲ್ಟೇಜು ಇಳಿಯುವುದು, ಸ್ಟೆಬಿಲೈಸರ್ ಟಕ್ಕೆಂದು ಕಡಿದುಹೋಗುವುದು. ಟೈಮರ್ ಇಟ್ಟು ಮದುವೆಗೆ ಹೋದವರು ಬಂದು ನೋಡಿದರೆ ಟೇಪು ಖಾಲಿ. ಕಂಪನಿಗಳಿಗೂ ಇದು ಬೇಗ ತಿಳಿಯಿತು. ರೆಕಾರ್ಡ್ ಸೌಲಭ್ಯವೇ ಇಲ್ಲದ, ಹಾಕಿ ನೋಡಲು ಮಾತ್ರ ಆಗುವ ವಿಸಿಪಿ ನಮ್ಮ ಪೇಟೆಗಳಲ್ಲಿ ಚೆನ್ನಾಗಿ ಖರ್ಚಾಯಿತು.

ಹಾಗೆಂದು ವಿಡಿಯೋ ಕ್ಯಾಸೆಟ್ಟು ಬರೀ ಸಿನಿಮಾಕ್ಕಷ್ಟೇ ಮೀಸಲಾಗಿತ್ತು ಅನ್ನುವ ಹಾಗಿಲ್ಲ. ಸರಕಾರದ ದೂರದರ್ಶನ ತೋರಿಸದ ಸುದ್ದಿಯನ್ನು ತೋರಿಸಲು 1988ರಲ್ಲಿ ಇಂಡಿಯಾ ಟುಡೇ ಬಳಗ "ನ್ಯೂಸ್‌ಟ್ರ್ಯಾಕ್" ಎಂಬ ವಿಡಿಯೋ ಮಾಸಿಕ ತಂದಿತು. 1990ರ ಮಂಡಲ್ ಗಲಭೆಯ ದೃಶ್ಯಗಳನ್ನು ದೇಶ ಕಂಡದ್ದು ಅದರ ಕ್ಯಾಸೆಟ್ಟುಗಳಲ್ಲಿ. ಪ್ರಸಾರವನ್ನು ಹಿಡಿದಿಡಲು ಹುಟ್ಟಿದ ಯಂತ್ರ ನಮ್ಮಲ್ಲಿ ಪ್ರಸಾರಕ್ಕೆ ಎದುರಾಳಿಯಾಯಿತು.

ಬೋವಿಕಾನದ ಕಡೆಗೆ ಅದು ಕೊಟ್ಟದ್ದು ಇನ್ನೊಂದು. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ, ತೆಂಕುತಿಟ್ಟಿನ ನೆಲ. ಮಲ್ಲದ ದುರ್ಗಾಪರಮೇಶ್ವರಿ ಕ್ಷೇತ್ರ ಪಕ್ಕದಲ್ಲೇ, ಯಕ್ಷಗಾನವನ್ನು ಎತ್ತಿ ಹಿಡಿದ ಎಡನೀರು ಮಠವೂ ದೂರವಿಲ್ಲ. ರಾತ್ರಿ ಇಡೀ ನಡೆಯುವ ಆಟವನ್ನು ದೂರದರ್ಶನ ತೋರಿಸಿದರೂ ತುಂಡರಿಸಿ ತೋರಿಸೀತು. ವಿಎಚ್‌ಎಸ್‌ನಲ್ಲಿ ಇಡೀ ರಾತ್ರಿಯನ್ನು ಹಿಡಿಯಬಹುದಿತ್ತು. ಇ-180 ಎಂಬ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪು, ಮೂರು ಗಂಟೆಯ ಓಟ. ರಾತ್ರಿ ಒಂಬತ್ತಕ್ಕೆ ಚೌಕಿಪೂಜೆ ಮುಗಿದು ಬೆಳಗ್ಗೆ ಆರಕ್ಕೆ ಮಂಗಳ ಎಂದರೆ ಮೂರು ಕ್ಯಾಸೆಟ್ಟು. ಕ್ಯಾಸೆಟ್ಟು ಬದಲಿಸುವ ಹೊತ್ತಿನಲ್ಲಿ ಭಾಗವತರ ಒಂದೆರಡು ಪದ್ಯ ತಪ್ಪಿಹೋಗುತ್ತಿತ್ತು; ಅನುಭವಸ್ಥ ಕ್ಯಾಮರಾದವರು ವೇಷ ಬದಲಾಗುವ ನಡುಗಾಲವನ್ನೇ ಕಾಯುತ್ತಿದ್ದರು. ಇಂದು ತೀರಿಹೋಗಿರುವ ಎಷ್ಟೋ ವೇಷಧಾರಿಗಳ ಕುಣಿತ, ಅರ್ಥಧಾರಿಗಳ ಮಾತು ಉಳಿದಿರುವುದು ಹೀಗೆ ಮನೆಯವರು ತೆಗೆಸಿದ ಟೇಪುಗಳಲ್ಲಿ. ಯಾವ ನಿಲಯದ ಭಂಡಾರಕ್ಕೂ ಅವು ಸೇರಲಿಲ್ಲ.

1991ರ ಕೊಲ್ಲಿ ಯುದ್ಧದ ಹೊತ್ತಿಗೆ ನಗರಗಳಲ್ಲಿ ಶುರುವಾದ ಕೇಬಲ್ ಕೆಲವೇ ವರ್ಷಗಳಲ್ಲಿ ಹಳ್ಳಿಯ ಪೇಟೆಗಳಿಗೂ ಬಂತು. 1993ರಲ್ಲಿ ಏಷ್ಯಾನೆಟ್, 1994ರಲ್ಲಿ ಉದಯ ಟಿ.ವಿ. ಆರಂಭವಾದವು. ಪೇಟೆಯಲ್ಲಿ ಒಬ್ಬ ದೊಡ್ಡ ಬಲೆಯ ಡಿಶ್ ಇಟ್ಟು ತಂತಿ ಎಳೆದರೆ ಗುಡ್ಡೆಯ ನೆತ್ತಿಯ ಆಂಟೆನಾಕ್ಕೆ ನಿವೃತ್ತಿ. ಕನ್ನಡವೂ ಮಲಯಾಳವೂ ಒಂದೇ ತಂತಿಯಲ್ಲಿ ಮನೆಗೆ ಬಂದ ಈ ಕಾಲವನ್ನು ಗಡಿನಾಡಿನವರು ಸುಖದ ಕಾಲ ಎಂದೇ ನೆನೆಯುತ್ತಾರೆ. ತಂತಿ ಎಳೆದವನು ಊರಿನವನೇ ಆದ್ದರಿಂದ ಯಾವ ಮನೆಗೆ ಯಾವ ಭಾಷೆ ಬೇಕೆಂದು ಅವನಿಗೆ ಕೇಳದೆಯೇ ಗೊತ್ತಿರುತ್ತಿತ್ತು.

ಆಮೇಲೆ ಬಂತು ಸಣ್ಣ ಡಿಶ್. 2003ರಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್, 2006ರಲ್ಲಿ ಟಾಟಾ ಸ್ಕೈ, ಹಿಂದಿನಿಂದ ಇನ್ನೂ ಕೆಲವು. ಕೇಬಲ್ ತಂತಿ ತಲುಪದ ಒಂಟಿ ತೋಟದ ಮನೆಗಳಿಗೆ ಇದು ವರವಾಯಿತು. ಗುಡ್ಡೆ ಅಡ್ಡವಿದ್ದರೂ ತೊಂದರೆಯಿಲ್ಲ, ಏಕೆಂದರೆ ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ದೂರದರ್ಶನದ ಉಚಿತ ಡಿಟಿಎಚ್ ಬರುವ, 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹ ಇಲ್ಲಿಂದ ನೋಡಿದರೆ ಅಗ್ನಿಮೂಲೆಯಲ್ಲಿ, ಅರವತ್ತು ಡಿಗ್ರಿಗೂ ಮೇಲೆ, ಆಕಾಶದ ಸಾಕಷ್ಟು ಎತ್ತರದಲ್ಲಿದೆ. ಆ ದಿಕ್ಕಿಗೆ ತೆಂಗಿನ ಮಡಲು ಅಡ್ಡ ಬಾರದಿದ್ದರೆ ಆಯಿತು.

ಆದರೆ ಮಳೆ? ಈ ಪುಟ್ಟ ಡಿಶ್‌ಗಳು ಹಿಡಿಯುವುದು ಕೆಯು ಬ್ಯಾಂಡಿನ ಅಲೆಗಳನ್ನು. ಅವುಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಗಳು ಈ ಅಲೆಗಳನ್ನು ಹೀರಿಕೊಳ್ಳುತ್ತವೆ, ಚದರಿಸುತ್ತವೆ. ಕೇಬಲ್‌ನವರ ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡಿನ ಅಲೆ ಇದರ ಮೂರು ಪಾಲು ಉದ್ದ, ಅದಕ್ಕೆ ಮಳೆಯ ಬಾಧೆ ಕಡಿಮೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಆಟಿ ತಿಂಗಳ ಸಂಜೆ, ಧಾರಾವಾಹಿಯಲ್ಲಿ ಸೊಸೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ "ಸಿಗ್ನಲ್ ಇಲ್ಲ" ಎಂದು ಪರದೆ ನೀಲಿಯಾಗುವುದಕ್ಕೆ ಇದೇ ಕಾರಣ. ಹಳೆಯ ಆಂಟೆನಾದಲ್ಲಿ ಸಿಗ್ನಲ್ ಸೊರಗಿದರೆ ಚುಕ್ಕಿಗಳ ನಡುವೆ ಮುಖವಾದರೂ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಅಂಥ ದಾಕ್ಷಿಣ್ಯವಿಲ್ಲ, ಬಂದರೆ ಪೂರ್ತಿ, ಹೋದರೆ ಪೂರ್ತಿ.

ಟಿ.ವಿ. ಕಾರ್ಯಕ್ರಮ ರೆಕಾರ್ಡ್ ಮಾಡುವ ಯಂತ್ರ ನಮ್ಮ ಮನೆಗಳಿಗೆ ನಿಜವಾಗಿ ಬಂದದ್ದು ಡಿಶ್‌ನ ಜೊತೆ ಬರುವ ಸೆಟ್‌ಟಾಪ್ ಡಬ್ಬಿಗಳೊಳಗೆ. ಟೇಪಿನ ಬದಲು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಳಸುವ ಟಿವೋ ಅಮೆರಿಕದಲ್ಲಿ 1999ರಲ್ಲಿ ಬಂದಿತ್ತು. ಭಾರತದಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂತು, ಉಳಿದ ಕಂಪನಿಗಳೂ ಹಿಂಬಾಲಿಸಿದವು. ಈಗ ಗಡಿಯಾರ ಉಪಗ್ರಹದಿಂದಲೇ ಸರಿಯಾಗುತ್ತದೆ, ಕರೆಂಟು ಹೋದರೂ ಟೈಮರ್ ಮರೆಯುವುದಿಲ್ಲ, ಧಾರಾವಾಹಿಯ ಹೆಸರು ಒತ್ತಿದರೆ ದಿನದಿನದ ಕಂತು ತಾನೇ ತುಂಬಿಕೊಳ್ಳುತ್ತದೆ. ವಿಸಿಆರ್ ಸೋತ ಎಲ್ಲ ಕಡೆಯೂ ಇದು ಗೆದ್ದಿತು. ಸೋತದ್ದು ಒಂದೇ ಕಡೆ: ರೆಕಾರ್ಡ್ ಆದದ್ದು ನಿಮ್ಮದಾಗಲಿಲ್ಲ. ಡಿಸ್ಕಿನೊಳಗಿನ ಕಡತಕ್ಕೆ ಬೀಗ ಹಾಕಲಾಗಿದೆ, ಬೀಗದ ಕೈ ಅದೇ ಡಬ್ಬಿಯಲ್ಲಿದೆ. ಪೆನ್‌ಡ್ರೈವಿಗೆ ಇಳಿಸಿಕೊಳ್ಳಲು ಬಿಡುವ ಡಬ್ಬಿಗಳಲ್ಲೂ ಸಾಮಾನ್ಯವಾಗಿ ಇದೇ ಕತೆ. ಆ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದರೆ ಏನೂ ಓದಲಾಗದು. ಡಬ್ಬಿ ಕೆಟ್ಟಿತೋ, ಕಂಪನಿ ಬದಲಿಸಿದಿರೋ, ಹಿಡಿದಿಟ್ಟದ್ದೆಲ್ಲ ಹೋಯಿತು.

ಕೇಬಲ್‌ಗೂ ಡಬ್ಬಿ ಬಂತು. ಹಳೆಯ ಅನಲಾಗ್ ಕೇಬಲನ್ನು ಮಹಾನಗರಗಳಲ್ಲಿ 2012ರಲ್ಲಿ ನಿಲ್ಲಿಸಲು ತೊಡಗಿದ ಸರಕಾರ, ಗ್ರಾಮಾಂತರ ಪ್ರದೇಶಕ್ಕೆ 2017ರ ಮಾರ್ಚ್ 31ರ ಗಡುವು ಹಾಕಿತು. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಜಾರಿಯಾಯಿತು. ಆಗ 130 ರೂಪಾಯಿ ಮತ್ತು ತೆರಿಗೆ ಕೊಟ್ಟರೆ ನೂರು ಚಾನೆಲ್‌ಗಳಿಗೆ ಜಾಗವಿತ್ತು, ಹಣದ ಚಾನೆಲ್‌ಗಳಿಗೆ ಒಂದೊಂದಕ್ಕೂ ಬೇರೆ ಬೆಲೆಯಿತ್ತು. ನೋಡುಗನೇ ಆರಿಸಿಕೊಳ್ಳಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕಂಪನಿಗಳು ಆರಿಸಿಟ್ಟ ಕಟ್ಟುಗಳು ರಾಜ್ಯದ ಲೆಕ್ಕದಲ್ಲಿದ್ದವು, ಪಿನ್‌ಕೋಡ್ ಒತ್ತಿದರೆ ಕೇರಳದ ಕಟ್ಟು. ಹತ್ತಿರದ ಒಂದು ಮನೆಯಲ್ಲಿ ಡಬ್ಬಿ ಸರಿಮಾಡಲು ಬಂದ ಹುಡುಗ "ಭಟ್ರೇ, ಇದರಲ್ಲಿ ಕನ್ನಡ ಇಲ್ಲ, ಬೇಕಾದ್ರೆ ಒಂದೊಂದೇ ಹಾಕ್ಬೇಕು" ಎಂದಾಗ ಬಂದ ಉತ್ತರ ಇದು: "ಹಾಕು ಮಾರಾಯ. ನನಗೆ ಮಲಯಾಳ ನ್ಯೂಸ್ ಬೇಕು, ಮನೆಯವಳಿಗೆ ಕನ್ನಡ ಧಾರಾವಾಹಿ ಬೇಕು. ಯಾವುದನ್ನು ಬಿಡ್ಲಿಕ್ಕೆ ಆಗ್ತದೆ ಹೇಳು." ಗಡಿನಾಡಿನ ಮನೆ ಟಿ.ವಿ.ಗೆ ಎರಡು ರಾಜ್ಯಗಳ ಬಾಡಿಗೆ ಕೊಡುತ್ತದೆ.

ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು ಕೇರಳದ ಶಾಲೆಗಳು ಟಿ.ವಿ.ಯಲ್ಲಿ ತೆರೆದಾಗ ಭಾಷೆಯ ಈ ಪ್ರಶ್ನೆ ಮಕ್ಕಳ ಮುಂದೆ ಬಂದು ನಿಂತಿತು. ಕೈಟ್ ವಿಕ್ಟರ್ಸ್ ವಾಹಿನಿಯ "ಫಸ್ಟ್ ಬೆಲ್" ಪಾಠಗಳು ತರಗತಿಗಿಷ್ಟು ಹೊತ್ತು ಎಂದು ಮಲಯಾಳದಲ್ಲಿ ಪ್ರಸಾರವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿ ಬೇರೆಯೇ ಪಾಠ ಸಿದ್ಧವಾಗಿ ಯೂಟ್ಯೂಬಿನ ಮೂಲಕ ಬಂತು. ಟಿ.ವಿ. ಪಾಠವಾದರೆ ಆ ಹೊತ್ತಿಗೆ ಕರೆಂಟು ಇರಬೇಕು, ತಪ್ಪಿದರೆ ಮರುಪ್ರಸಾರ ಕಾಯಬೇಕು. ಯೂಟ್ಯೂಬಿನ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಅರ್ಥವಾಗದ ಲೆಕ್ಕವನ್ನು ಎರಡನೆಯ ಸಲ ನೋಡಬಹುದಿತ್ತು, ಅದೂ ಗುಡ್ಡೆಯ ಮೇಲೆ ಹೋಗಿ ಮೊಬೈಲಿಗೆ ರೇಂಜ್ ಹಿಡಿದರೆ. ಮೂವತ್ತೈದು ವರ್ಷ ಕಳೆದರೂ ಗುಡ್ಡೆ ಹತ್ತುವುದು ತಪ್ಪಲಿಲ್ಲ.

ಈಗ ಯಾವುದನ್ನೂ ಹಿಡಿದಿಡುವ ಅಗತ್ಯವಿಲ್ಲವೆಂದು ತೋರುತ್ತದೆ. ಧಾರಾವಾಹಿ ಆ್ಯಪಿನಲ್ಲಿದೆ, ಆಟ ಯೂಟ್ಯೂಬಿನಲ್ಲಿ ನೇರ ಬರುತ್ತದೆ. ಆದರೆ ಅಲ್ಲಿಂದ ಅವು ಯಾವಾಗ ಹೋಗುತ್ತವೆ ಎಂದು ತೀರ್ಮಾನಿಸುವವರು ನಾವಲ್ಲ. ಒಪ್ಪಂದ ಮುಗಿದರೆ ಸಿನಿಮಾ ಮಾಯ, ಹಕ್ಕಿನ ತಕರಾರು ಬಂದರೆ ವಿಡಿಯೋ ಮಾಯ. ಪ್ರಸಾರ ಮಾಡಿದವರೇ ಜೋಪಾನ ಮಾಡುತ್ತಾರೆ ಎಂದು ನಂಬಿ ಕೂರಲೂ ಬಾರದು. ಬಿಬಿಸಿಯಂಥ ಸಂಸ್ಥೆ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದ್ದರಿಂದ "ಡಾಕ್ಟರ್ ಹೂ" ಸರಣಿಯ ಹತ್ತಿರ ನೂರು ಕಂತುಗಳು ಇಲ್ಲವಾದವು. ಅದಕ್ಕೆ ಎದುರಾಗಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗ್ರಂಥಪಾಲಕಿಯಾಗಿದ್ದ ಮರಿಯನ್ ಸ್ಟೋಕ್ಸ್ ಎಂಬ ಮಹಿಳೆ 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಲವು ವಿಸಿಆರ್ ಇಟ್ಟು ಹಗಲೂ ರಾತ್ರಿ ಟಿ.ವಿ. ಸುದ್ದಿಯನ್ನು ಟೇಪಿಗಿಳಿಸಿದರು. ಅವರು ಬಿಟ್ಟುಹೋದ ಸುಮಾರು 70,000 ಕ್ಯಾಸೆಟ್ಟುಗಳು ಈಗ ಇಂಟರ್‌ನೆಟ್ ಆರ್ಕೈವ್‌ನ ಸ್ವತ್ತು. ಆ ಮಟ್ಟದ ಹುಚ್ಚು ನಮಗೆ ಬೇಡ. ಒಂದು ಕಪಾಟಿನಷ್ಟಾದರೆ ಸಾಕು.

ಆ ಕಪಾಟನ್ನು ಇಂದು ತೆರೆದರೆ ಮೊದಲು ಕಾಣುವುದು ಬೂಸಲು. ಕ್ಯಾಸೆಟ್ಟಿನ ಕಿಟಕಿಯ ಗಾಜನ್ನು ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಹುಡಿಯ ಹಾಗೆ ಕೂತಿರುತ್ತದೆ. ಮಳೆಗಾಲದ ತೇವಕ್ಕೆ ಬೆಳೆಯುವ ಶಿಲೀಂಧ್ರ ಅದು. ಅಂಥ ಟೇಪನ್ನು ಹಾಗೇ ವಿಸಿಆರ್‌ಗೆ ಹಾಕಬಾರದು. ಯಂತ್ರದೊಳಗೆ ಟೇಪು ಸೆಕೆಂಡಿಗೆ ಎರಡು ಚಿಲ್ಲರೆ ಸೆಂಟಿಮೀಟರ್‌ನಷ್ಟೇ ನಿಧಾನವಾಗಿ ಸರಿದರೂ, ಚಿತ್ರ ಓದುವ ತಲೆಗಳಿರುವ ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತ ಅದನ್ನು ಓರೆಯಾಗಿ ಉಜ್ಜುತ್ತಿರುತ್ತದೆ. ಹುಡಿ ಸಿಕ್ಕಿಕೊಂಡರೆ ತಲೆಯೂ ಕೆಡುತ್ತದೆ, ಟೇಪೂ ಹರಿಯುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಬೂಸಲು ಅಂಟುತ್ತದೆ. ಹೊಸ ವಿಸಿಆರ್ ಸಿಗುವ ಆಸೆಯೂ ಬೇಡ. ಕೊನೆಯದಾಗಿ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ನಿಲ್ಲಿಸಿತು. ಮೊದಲು ಟೇಪನ್ನು ಒಣಗಿಸಿ ಶುಚಿಮಾಡಿಸಬೇಕು. ಆಮೇಲೆ ಹಳದಿ, ಬಿಳಿ, ಕೆಂಪು ತಂತಿಗಳನ್ನು ಸಣ್ಣದೊಂದು ಕ್ಯಾಪ್ಚರ್ ಡಬ್ಬಿಗೆ ಚುಚ್ಚಿ ಕಂಪ್ಯೂಟರಿಗೆ ಇಳಿಸಬೇಕು. ಮೂರು ಗಂಟೆಯ ಟೇಪಿಗೆ ಮೂರು ಗಂಟೆ ಬೇಕೇ ಬೇಕು, ಅವಸರದ ದಾರಿ ಇಲ್ಲ. ಕಡತಕ್ಕೆ ಹೆಸರಿಡುವಾಗ ಪ್ರಸಂಗ, ಮೇಳ, ಭಾಗವತರು, ಆಡಿದ ಜಾಗ, ವರ್ಷ ಇಷ್ಟನ್ನಾದರೂ ಬರೆಯಿರಿ. ಹೇಳುವವರು ಮನೆಯಲ್ಲಿರುವಾಗಲೇ ಬರೆಯಿರಿ.

ಟಿ.ವಿ.ಯಿಂದ ಹಿಡಿದಿಟ್ಟುಕೊಳ್ಳುವುದಕ್ಕೆ ನಮ್ಮ ಕಾನೂನು ಅಡ್ಡ ನಿಂತಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್, ಸ್ವಂತ ಬಳಕೆಗೆ ಪ್ರಸಾರವನ್ನು ಧ್ವನಿ ಅಥವಾ ದೃಶ್ಯವಾಗಿ ಮುದ್ರಿಸಿಕೊಳ್ಳುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ ಎನ್ನುತ್ತದೆ. ಪಾಠಕ್ಕೆ, ಸಂಶೋಧನೆಗೆ ಮುದ್ರಿಸಿಕೊಳ್ಳುವುದಕ್ಕೂ ಇದೇ ವಿನಾಯಿತಿ. ಮಾರಬಾರದು, ಹಂಚಬಾರದು, ಅಷ್ಟೆ. ಕಾನೂನು ಕೊಟ್ಟ ಈ ಅನುಮತಿಯನ್ನು ಡಬ್ಬಿಯ ಬೀಗ ಕಿತ್ತುಕೊಂಡಿದೆ, ಅದನ್ನು ಕೇಳುವವರಿಲ್ಲ. ದರಪದ್ಧತಿಯಲ್ಲಿ ಚಾನೆಲ್ಲಿನ ಬೆಲೆಗೆ ಮಿತಿ ಹಾಕಿದ ಟ್ರಾಯ್, ಹಿಡಿದಿಟ್ಟ ಕಡತ ಯಾರದ್ದು ಎಂಬುದಕ್ಕೂ ಒಂದು ನಿಯಮ ಮಾಡಬೇಕಿತ್ತು. ಇಂಟರ್‌ನೆಟ್ ಇಲ್ಲದೆ ನೇರ ಮೊಬೈಲಿಗೇ ಟಿ.ವಿ. ತಲುಪಿಸುವ ಪ್ರಯೋಗಗಳನ್ನು ಪ್ರಸಾರ ಭಾರತಿ ಬೆಂಗಳೂರು, ದೆಹಲಿಗಳಲ್ಲಿ ನಡೆಸಿದೆ. ಅದರ ನಿಯಮಗಳು ರೂಪುಗೊಳ್ಳುವಾಗಲಾದರೂ ಈ ಮಾತನ್ನು ಎತ್ತಬಹುದು. ಸದ್ಯಕ್ಕೆ, ಬೀಗವಿಲ್ಲದ ಉಚಿತ ಚಾನೆಲ್‌ಗಳನ್ನು ಹಿಡಿಯುವ ಅಗ್ಗದ ಡಬ್ಬಿಗಳಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡದ್ದು ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ. ಹಣ ಕೊಡುವವನಿಗಿಲ್ಲದ ಸ್ವಾತಂತ್ರ್ಯ ಉಚಿತವಾಗಿ ನೋಡುವವನಿಗಿದೆ.